ಕೊಡಗಿನಲ್ಲಿ ಟೆಂಟ್ ಎಲ್ಲಿ ಹಾಕೋದು?

ಮಳೆ ಬಿಟ್ಟ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಕೊಡಗು, ಟೆಂಟ್, ಪಕ್ಕದಲ್ಲಿ ನೀರು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ತಡಿಯಂಡಮೋಳ್ ತುದಿಯಲ್ಲಿ ರಾತ್ರಿ ಟೆಂಟ್ ಹಾಕಿ ಬೆಳಿಗ್ಗೆ ಸೂರ್ಯ ಹುಟ್ಟುವುದನ್ನು ನೋಡಬೇಕು ಅಂತ ನಾಲ್ಕು ಜನ ಗೆಳೆಯರು ಪ್ಲ್ಯಾನ್ ಮಾಡಿದ್ದೇವೆ. ಯಾರನ್ನು ಕೇಳಬೇಕು? (ಬೆಂಗಳೂರು)

ಯಾರನ್ನು ಕೇಳಿದರೂ ಆಗಲ್ಲ ಅಂತಲೇ ಹೇಳುತ್ತಾರೆ. ತುದಿಯಲ್ಲಿ ರಾತ್ರಿ ಉಳಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ. ಬೆಳಿಗ್ಗೆ ಹತ್ತಿ ಕತ್ತಲಾಗುವುದರೊಳಗೆ ಇಳಿಯಬೇಕು. ಪುಷ್ಪಗಿರಿ, ಅಂದರೆ ಕುಮಾರ ಪರ್ವತದ ತುದಿಗೂ ಇದೇ ಮಾತು. ಹಳೇ ವಿಡಿಯೊ ನೋಡಿ ‘ಅವರು ಹಾಕಿದ್ರಲ್ವಾ’ ಅಂತ ಹೊರಡಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ ಮೇಲೆ ನಿಯಮಗಳು ಇನ್ನೂ ಬಿಗಿಯಾದವು. ಈಗ ಚಾರಣದ ಟಿಕೆಟ್‌ಗಳನ್ನು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮಾಡಿಸಬೇಕು. ಹೊರಡುವ ಮೊದಲು ಅದನ್ನು ಒಮ್ಮೆ ನೋಡಿ.

ನನ್ನನ್ನು ಕೇಳಿದರೆ ತುದಿಯಲ್ಲಿ ಮಲಗುವ ಆಸೆಯೇ ಸುಮ್ನೆ. ತಡಿಯಂಡಮೋಳ್ 1748 ಮೀಟರ್ ಎತ್ತರ, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ, ಗಾಳಿಗೆ ಅಡ್ಡ ಅಂತ ಒಂದು ಮರವೂ ಇಲ್ಲ, ಬರೀ ಹುಲ್ಲು. ಕಕ್ಕಬ್ಬೆ ಕಡೆ ಹೋಂಸ್ಟೇಗಳಲ್ಲಿ ಅಂಗಳದಲ್ಲೇ ಟೆಂಟ್ ಹಾಕಲು ಬಿಡುವವರಿದ್ದಾರೆ. ಅಲ್ಲಿ ಮಲಗಿ, ಬೆಳಿಗ್ಗೆ ಬೇಗ ನಾಲ್ಕುನಾಡು ಅರಮನೆ ಹತ್ತಿರದಿಂದ ನಡೆಯಲು ಶುರು ಮಾಡಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು. ಹತ್ತುವ ಆತುರದಲ್ಲಿ ಎಲ್ಲರೂ ಅದನ್ನು ಬಿಟ್ಟು ಹೋಗುತ್ತಾರೆ. ಇಳಿದು ಬಂದ ಮೇಲಾದರೂ ಒಳಗೆ ಹೋಗಿ ಮರದ ಕೆತ್ತನೆ ನೋಡಿ. ನೀರಿನ ಬಾಟಲಿ ಕೆಳಗೇ ತುಂಬಿಸಿಕೊಳ್ಳಿ. ಮೇಲೆ ಹೋಗುತ್ತಾ ಶೋಲಾ ಕಾಡು, ಅಂದರೆ ಬೆಟ್ಟದ ಮಡಿಲಿನ ದಟ್ಟ ಮರಗಳ ಕಾಡು, ದಾಟಿದ ಮೇಲೆ ನೀರು ಸಿಗುವುದಿಲ್ಲ.

ಪ್ರಶ್ನೆ: ಬೆಟ್ಟದ ಮೇಲಿನ ಕೆರೆ, ದಂಡೆಯಲ್ಲಿ ಟೆಂಟ್. ಫೋಟೊಗಳಲ್ಲಿ ನೋಡುತ್ತೇವಲ್ಲ, ಹಾಗೆ ಕೊಡಗಿನಲ್ಲಿ ಎಲ್ಲಿದೆ? (ದಾವಣಗೆರೆ)

ಆ ಫೋಟೊ ಹಿಮಾಲಯದ್ದಿರಬೇಕು. ಕೊಡಗಿನ ಬೆಟ್ಟಗಳಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ಹೊಳೆಯಾಗಿ ಇಳಿದುಬಿಡುತ್ತದೆ. ಕೆರೆ ಅಂತ ನೋಡಲೇಬೇಕಾದ್ದು ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ. ಕೆರೆಗೆ ಹಾರವಾದ ಹೊನ್ನಮ್ಮನ ಕಥೆಯ ಜಾಗ. ಗೌರಿ ಹಬ್ಬಕ್ಕೆ ಊರವರು ಬಾಗಿನ ಬಿಡುವ ಕೆರೆ. ದಂಡೆಯಲ್ಲಿ ಕೂತು ಬನ್ನಿ, ಟೆಂಟ್ ಹೊಡೆಯಬೇಡಿ.

ಚಿಕ್ಲಿಹೊಳೆ ಜಲಾಶಯ ಇನ್ನೊಂದು. ತುಂಬಿದಾಗ ಅರ್ಧ ಚಂದ್ರಾಕಾರದ ಕೋಡಿಯಿಂದ ನೀರು ಸುತ್ತಲಿಂದ ಒಳಕ್ಕೆ ಬೀಳುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಅಲ್ಲಿ ದಂಡೆಯ ಕೆಸರನ್ನೂ ಸ್ವಲ್ಪ ನೋಡಿ. ಮೊರದಗಲದ ಹೆಜ್ಜೆಗಳು, ಒಳಗೆ ನೀರು ನಿಂತಿರುತ್ತದೆ, ಪಕ್ಕದಲ್ಲೇ ಪುಟ್ಟ ತಟ್ಟೆಯಷ್ಟು ಅಗಲದ್ದೂ ಇರುತ್ತದೆ. ಮರಿ ಜೊತೆಗಿರುವ ಆನೆ ಅಂದರೆ ಅರ್ಥ ಆಯಿತಲ್ಲ? ಪಕ್ಕದ ಕಾಡಿನಿಂದ ಸಂಜೆ ನೀರಿಗೆ ಬರುವ ದಾರಿ ಅವುಗಳದ್ದು. ಐದು ಗಂಟೆಯೊಳಗೆ ಅಲ್ಲಿಂದ ಹೊರಡಿ.

ಪ್ರಶ್ನೆ: ಜಲಪಾತದ ಸದ್ದು ಕೇಳುತ್ತಾ ಮಲಗಬೇಕು. ಮಲ್ಲಳ್ಳಿ, ಇರ್ಪು, ಚೇಲಾವರ, ಯಾವುದು ಒಳ್ಳೆಯದು? (ಹಾಸನ)

ನೋಡಲು ಮಲ್ಲಳ್ಳಿ. ಪುಷ್ಪಗಿರಿ ಕಡೆಯಿಂದ ಇಳಿಯುವ ಕುಮಾರಧಾರಾ ಅಲ್ಲಿ ಧುಮುಕುತ್ತದೆ. ಮೆಟ್ಟಿಲು ಇಳಿಯುವಾಗ ಏನೂ ಅನಿಸುವುದಿಲ್ಲ, ವಾಪಸ್ ಹತ್ತುವಾಗ ಮೊಣಕಾಲು ಮಾತಾಡುತ್ತದೆ. ಮನೆಯವರ ಜೊತೆ ಹೋಗಲು ಇರ್ಪು. ಲಕ್ಷ್ಮಣತೀರ್ಥ ನದಿ, ಕೆಳಗೆ ರಾಮೇಶ್ವರ ದೇವಸ್ಥಾನ, ಕುಟ್ಟ ಹತ್ತಿರ. ಅಲ್ಲಿಂದಲೇ ಬ್ರಹ್ಮಗಿರಿಗೆ ಹತ್ತುವ ದಾರಿ, ಅನುಮತಿ ಬೇಕು. ಚೇಲಾವರದಲ್ಲಿ ದೂರದಿಂದ ನೋಡಿ ಬನ್ನಿ, ನೀರಿಗೆ ಇಳಿಯಲೇಬೇಡಿ. ಬಂಡೆ ಜಾರುತ್ತದೆ, ಕೆಳಗಿನ ಗುಂಡಿ ಆಳ, ಈಜು ಬಲ್ಲವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ.

ಮಲಗುವುದಂತೂ ಯಾವುದರ ಪಕ್ಕವೂ ಬೇಡ. ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ಮೇಲಿನ ಬೆಟ್ಟದಲ್ಲಿ ಜೋರು ಮಳೆ ಹೊಡೆದಿರಬಹುದು. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ, ಕಡ್ಡಿ ತೇಲಿ ಬರಲು ಶುರುವಾದರೆ, ಸಾಮಾನು ಬಿಟ್ಟು ದಡ ಹತ್ತಿ. ಸದ್ದು ಬೇಕಿದ್ದರೆ ಹೊಳೆ ಕೇಳಿಸುವ ಎತ್ತರದ ಮನೆ ಹುಡುಕಿ, ಅಂಥವು ಬೇಕಾದಷ್ಟಿವೆ.

ಪ್ರಶ್ನೆ: ಗೆಳತಿಯ ಅಪ್ಪನದು ಸಿದ್ದಾಪುರ ಕಡೆ ಕಾಫಿ ತೋಟ. ಅಲ್ಲೇ ಟೆಂಟ್ ಹಾಕಿ ಅಂತಾರೆ. ತೋಟ ಸೇಫಾ? (ಮೈಸೂರು)

ಈ ಸಲದ ಅದೃಷ್ಟವಂತರು ನೀವೇ! ಕಾಡಿನಲ್ಲಿ ಸಿಗದ ಎಲ್ಲವೂ ತೋಟದಲ್ಲಿ ಸಿಗುತ್ತದೆ. ನೆರಳು, ಹಕ್ಕಿ, ಬಾತ್‌ರೂಮ್. ಆದರೆ ಸಿದ್ದಾಪುರದ ಕಡೆ ತೋಟಗಳಲ್ಲಿ ಆನೆ ಓಡಾಟ ಜಾಸ್ತಿ. ಮೊದಲು ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯನ್ನು ಮಾತಾಡಿಸಿ. ನಿನ್ನೆ ರಾತ್ರಿ ಆನೆ ಯಾವ ಬೇಲಿ ಮುರಿಯಿತು ಅಂತ ಅವರಿಗೆ ಗೊತ್ತಿರುತ್ತದೆ. ಹಲಸಿನ ಮರದ ಕೆಳಗೆ ಟೆಂಟ್ ಬೇಡವೇ ಬೇಡ. ಹಣ್ಣಿನ ವಾಸನೆಗೆ ಆನೆ ಬರುತ್ತದೆ, ಬರದಿದ್ದರೂ ಹಣ್ಣು ಬೀಳುತ್ತದೆ. ಒಣಗಿದ ಕೊಂಬೆಯ ಸಿಲ್ವರ್ ಓಕ್ ಕೆಳಗೂ ಬೇಡ.

ಒಳ್ಳೆ ಜಾಗ ಮನೆ ಎದುರಿನ ಕಾಫಿ ಕಣ. ಸಮತಟ್ಟು, ಜಿಗಣೆ ಇಲ್ಲ, ಲೈಟ್ ಇರುತ್ತದೆ. ಸಿಮೆಂಟ್ ಕಣವಾದರೆ ಗೂಟ ಇಳಿಯುವುದಿಲ್ಲ. ಮೂಲೆಯ ಹಗ್ಗಗಳನ್ನು ಮಣ್ಣು ತುಂಬಿದ ಗೋಣಿಚೀಲಕ್ಕೆ ಕಟ್ಟಿ. ಮಲಗುವಾಗ ಬೆಚ್ಚಗಿರುವ ನೆಲ ಬೆಳಗಿನ ಜಾವಕ್ಕೆ ಐಸ್ ಆಗುತ್ತದೆ, ದಪ್ಪ ಚಾಪೆ ಇರಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಕಣ ಕೇಳಬೇಡಿ, ಕಾಫಿ ಹರವಿರುತ್ತಾರೆ. ಹತ್ತಿರದಲ್ಲಿ ದೇವರಕಾಡು ಇದ್ದರೆ ಅದರೊಳಗೆ ಊರವರನ್ನು ಕೇಳದೆ ಕಾಲಿಡಬೇಡಿ. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ.

ಪ್ರಶ್ನೆ: ಕ್ಯಾಂಪ್‌ಫೈರ್ ಹಾಕಬಹುದಾ? (ಮಂಡ್ಯ)

ಮನೆಯ ಅಂಗಳದಲ್ಲಿ, ಯಜಮಾನರು ಒಪ್ಪಿದರೆ ಹಾಕಿ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಫೆಬ್ರವರಿ ಬಂತೆಂದರೆ ಬೆಟ್ಟದ ಹುಲ್ಲು ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು.

ಪ್ರಶ್ನೆ: ಜಿಗಣೆ ಅಂದರೆ ನನಗೆ ಜೀವ ಹೋಗುತ್ತದೆ. ಏನು ಮಾಡಲಿ? (ಹುಬ್ಬಳ್ಳಿ)

ಡಿಸೆಂಬರ್ ನಂತರ ಹೋಗಿ. ಮಳೆಗಾಲದಲ್ಲೇ ಹೋಗಬೇಕಿದ್ದರೆ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ. ಊರವರು ಉಪ್ಪು, ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಹಚ್ಚುತ್ತಾರೆ, ಮಳೆಯಲ್ಲಿ ತೊಳೆದು ಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಕಚ್ಚಿದರೆ ಎಳೆದಾಡಬೇಡಿ. ಉಗುರಿನ ತುದಿಯಿಂದ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿಟ್ಟ ಮೇಲೂ ರಕ್ತ ಸೋರುತ್ತದೆ, ಗಾಬರಿ ಬೇಡ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಪ್ರಶ್ನೆ: ಯಾವ ತಿಂಗಳು ಹೋಗಲಿ, ಒಂದೇ ಹೇಳಿ. (ಶಿವಮೊಗ್ಗ)

ನವೆಂಬರ್. ಜಲಪಾತಗಳಲ್ಲಿ ನೀರಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ, ಮಳೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಸುಗ್ಗಿಯ ಹಬ್ಬ ಪುತ್ತರಿ (ಹುತ್ತರಿ) ಯಾವಾಗ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಆ ದಿನ ಮನೆಯವರೆಲ್ಲ ಕದಿರು ತೆಗೆಯಲು ಗದ್ದೆಗೆ ಹೊರಟಿರುತ್ತಾರೆ, ನಿಮ್ಮ ಟೆಂಟ್ ವಿಚಾರ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.