ಪುಸ್ತಕ ಬರೆದ ವರ್ಷ ಯಾಕೆ ಬೇಕು?

ಪ್ರಶ್ನೆ: ಹಳೆಯ ರಾಜಕೀಯ ಪುಸ್ತಕ ಓದುವಾಗ ಅದನ್ನು ಯಾವಾಗ, ಯಾರ ವಿರುದ್ಧ ಬರೆದರು ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು? ವಿಚಾರ ಚೆನ್ನಾಗಿದ್ದರೆ ಸಾಕಲ್ವಾ?

ಉತ್ತರ: ಮೊದಲು ನಾನೂ ಹಾಗೇ ಓದುತ್ತಿದ್ದೆ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಸರ್ಕಾರದ ಬಗ್ಗೆ ಬರೆದ ಎರಡು ಪ್ರಬಂಧಗಳಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಓದಿದೆ. ಆರನೇ ಅಧ್ಯಾಯದಲ್ಲಿ ತಡವರಿಸಿದೆ. ಅದು ಅಪ್ಪನ ಅಧಿಕಾರದ ಬಗ್ಗೆ. ಸರ್ಕಾರದ ಮಾತಿನ ನಡುವೆ ಅಪ್ಪ ಯಾಕೆ ಬಂದ?

ಉತ್ತರ ಸಿಕ್ಕಿದ್ದು ರಾಜರ ಪರ ಬರೆದ ರಾಬರ್ಟ್ ಫಿಲ್ಮರ್‌ನನ್ನು ಓದಿದಾಗ. ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮನಿಗೆ ಮಕ್ಕಳ ಮೇಲಿದ್ದ ಅಧಿಕಾರವೇ ರಾಜರಿಗೆ ಇಳಿದು ಬಂದಿದೆ ಅನ್ನುವುದು ಅವನ ವಾದ. ಲಾಕ್ ಮೊದಲ ಪ್ರಬಂಧ ಬರೆದದ್ದೇ ಇದನ್ನು ಅಲ್ಲಗಳೆಯಲು. ಫಿಲ್ಮರ್ ಸತ್ತದ್ದು 1653ರಲ್ಲಿ, ಈ ವಾದ ಇರುವ ಅವನ ಪುಸ್ತಕ ಅಚ್ಚಾದದ್ದು 1680ರಲ್ಲಿ. ಇಂಗ್ಲೆಂಡಿನಲ್ಲಿ ಆಗ ರಾಜನ ತಮ್ಮ, ಕ್ಯಾಥೊಲಿಕ್ ಆದ ಜೇಮ್ಸ್ ಪಟ್ಟಕ್ಕೆ ಬರಬಾರದೆಂದು ದೊಡ್ಡ ಹೋರಾಟ ನಡೆದಿತ್ತು. ಲಾಕ್ ಅದನ್ನು ಮುನ್ನಡೆಸಿದ ಶಾಫ್ಟ್ಸ್‌ಬರಿಯ ಬಳಗದವನು.

ಲಾಕ್‌ನ ಪುಸ್ತಕದ ಮುಖಪುಟದಲ್ಲಿ 1690 ಅಂತಿದೆ. ಹಾಗಾಗಿ, ಆಮೇಲೆ ರಾಜನಾದ ಜೇಮ್ಸ್‌ನನ್ನು ಕೆಳಗಿಳಿಸಿದ 1688ರ ಕ್ರಾಂತಿ ಮುಗಿದ ಮೇಲೆ ಅದನ್ನು ಸಮರ್ಥಿಸಲು ಬರೆದದ್ದು ಅಂತ ಬಹಳ ಕಾಲ ನಂಬಿದ್ದರು. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ 1960ರ ತಮ್ಮ ಆವೃತ್ತಿಯಲ್ಲಿ, ಹೆಚ್ಚಿನ ಭಾಗ ಕ್ರಾಂತಿಗೆ ವರ್ಷಗಳ ಮೊದಲೇ ಬರೆದದ್ದು ಅಂತ ವಾದಿಸಿದರು. ನಿಖರ ವರ್ಷದ ಬಗ್ಗೆ ಚರ್ಚೆ ಇನ್ನೂ ಇದೆ. ಆದರೆ ವ್ಯತ್ಯಾಸ ನೋಡಿ. ಗೆದ್ದ ಮೇಲೆ ಪ್ರತಿರೋಧದ ಹಕ್ಕನ್ನು ಬರೆಯುವುದು ಬೇರೆ. ರಾಜ ಇನ್ನೂ ಸಿಂಹಾಸನದಲ್ಲಿರುವಾಗ, ಹಾಳೆ ಸಿಕ್ಕಿಬಿದ್ದರೆ ತಲೆ ಹೋಗಬಹುದಾದಾಗ ಬರೆಯುವುದು ಬೇರೆ. 1683ರಲ್ಲಿ ಲಾಕ್ ಹಾಲೆಂಡಿಗೆ ಓಡಿಹೋಗಬೇಕಾಯಿತು.

ನೀವು ಒಂದು ಕೆಲಸ ಮಾಡಿ. ಮೊದಲ ಪ್ರಬಂಧದ ಕೆಲವು ಪುಟ ಓದಿ, ಆಮೇಲೆ ಆ ಆರನೇ ಅಧ್ಯಾಯಕ್ಕೆ ಹೋಗಿ.