ಎದುರಾಳಿಗೂ ಸ್ವಲ್ಪ ಮಾತು ಬಿಡಿ

ಪ್ರಿಯ ಬರಹಗಾರರೇ, ನಮಸ್ಕಾರ.

ನೀವು ಕಳಿಸಿದ ಸಂವಾದವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಭಕ್ತಿ ಕಂಡಿತು. ಎರಡನೇ ಸಲ ತಪ್ಪುಗಳು ಕಂಡವು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಕಾರಣ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ತಂದೆ, ಮಗನಾದ ಯೇಸು, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂಬ ಕ್ರೈಸ್ತರ ತ್ರಿಯೇಕ ನಂಬಿಕೆಯನ್ನು ಒಪ್ಪುವವನೊಬ್ಬ, ಒಪ್ಪದವನೊಬ್ಬ. ಇಬ್ಬರನ್ನೂ ಹದಿನಾಲ್ಕು ಪುಟ ಎದುರುಬದುರು ಕೂರಿಸಿದ್ದೀರಿ. ಯೋಚನೆ ಚೆನ್ನಾಗಿದೆ. ಆದರೆ ಮಾತಾಡುವುದು ಒಬ್ಬನೇ. ನಿಮ್ಮ ‘ವಿರೋಧಿ’ಗೆ (ಪಾಪ, ಅವನಿಗೆ ಹೆಸರೂ ಇಲ್ಲ) ‘ಹೌದಾ?’ ಅನ್ನುವುದು, ‘ಇದು ನನಗೆ ಹೊಳೆದೇ ಇರಲಿಲ್ಲ’ ಅನ್ನುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹನ್ನೊಂದನೇ ಪುಟದಲ್ಲಿ ಕಣ್ಣೀರು ಹಾಕಿ ಸೋಲೊಪ್ಪುತ್ತಾನೆ. ಈ ಜಗಳ ಶುರುವಾಗಿ ಸಾವಿರದ ಏಳುನೂರು ವರ್ಷ ದಾಟಿದೆ. ಇಷ್ಟು ಸಲೀಸಾಗಿ ಸೋಲುವವರಾಗಿದ್ದರೆ ಅದು ಎಂದೋ ಮುಗಿದಿರುತ್ತಿತ್ತು, ಅಲ್ವಾ?

ಒಂದು ಜಾಗ ತೋರಿಸುತ್ತೇನೆ. ನಾಲ್ಕನೇ ಪುಟದಲ್ಲಿ ನಿಮ್ಮ ವಿಶ್ವಾಸಿ ಬೈಬಲಿನ ಯೋಹಾನ 10:30 ತೆಗೆಯುತ್ತಾನೆ, ಯೇಸುವಿನ ಮಾತು. ‘ನಾನೂ ತಂದೆಯೂ ಒಂದಾಗಿದ್ದೇವೆ.’ ವಿರೋಧಿ ತಲೆ ತಗ್ಗಿಸುತ್ತಾನೆ. ದೃಶ್ಯ ಮುಗಿಯಿತು. ನಿಜವಾದ ವಿರೋಧಿ ತಲೆ ತಗ್ಗಿಸುವುದಿಲ್ಲ. ‘ಒಂದು ಅಂತ ಇದೆ, ಒಬ್ಬ ಅಂತ ಇಲ್ಲವಲ್ಲ?’ ಅನ್ನುತ್ತಾನೆ. ಅವನು ಹೇಳುವುದು ಸರಿ. ಗ್ರೀಕ್ ಮೂಲದಲ್ಲಿರುವುದು ‘ಹೆನ್’, ಅಂದರೆ ನಪುಂಸಕ ಲಿಂಗದ ‘ಒಂದು’. ‘ಹೇಸ್’ ಎಂದಿದ್ದರೆ ‘ಒಬ್ಬ’ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಬರೆಯುವವರು ಈ ಭೇದ ವಿವರಿಸಲು ಅರ್ಧ ಪುಟ ಒದ್ದಾಡಬೇಕು. ಕನ್ನಡಕ್ಕೆ ಅದು ಹುಟ್ಟಿನಿಂದಲೇ ಬಂದಿದೆ. ಇಂಥ ಅನುಕೂಲವನ್ನು ನೀವು ಕೈಯಾರೆ ಬಿಟ್ಟಿದ್ದೀರಿ.

ವಿರೋಧಿ ಅಲ್ಲಿಗೇ ನಿಲ್ಲುವುದೂ ಇಲ್ಲ. ಯೋಹಾನ 17:22 ತೆಗೆಯುತ್ತಾನೆ. ಅಲ್ಲಿ ಯೇಸು ತನ್ನ ಶಿಷ್ಯರಿಗಾಗಿ, ನಾವು ಒಂದಾಗಿರುವ ಹಾಗೆ ಅವರೂ ಒಂದಾಗಿರಲಿ ಎಂದು ಬೇಡುತ್ತಾನೆ. ಪದ ಅದೇ, ‘ಹೆನ್’. ಹಾಗಾದರೆ ಶಿಷ್ಯರೆಲ್ಲ ಸೇರಿ ಒಬ್ಬ ದೇವರಾಗುತ್ತಾರಾ? ಈಗ ನಿಮ್ಮ ವಿಶ್ವಾಸಿಗೆ ಕೆಲಸ ಬಂತು. ಅವನು ಹತ್ತನೇ ಅಧ್ಯಾಯಕ್ಕೆ ಮರಳಿ, ಮುಂದಿನ ವಚನದಲ್ಲೇ ಜನ ಕಲ್ಲು ಎತ್ತಿಕೊಂಡಿದ್ದನ್ನು ತೋರಿಸಬಹುದು. ‘ಮನುಷ್ಯನಾದ ನೀನು ನಿನ್ನನ್ನು ದೇವರಾಗಿ ಮಾಡಿಕೊಳ್ಳುತ್ತೀ’ ಎಂಬುದು ಅವರ ಆರೋಪ. ಮನಸ್ಸು ಒಂದಾಗಿದೆ ಎಂದಷ್ಟೇ ಹೇಳಿದ್ದರೆ ಯಾರು ಕಲ್ಲೆತ್ತುತ್ತಾರೆ? ವಿರೋಧಿ ಆಗ, ಯೇಸು ಕೊಟ್ಟ ಉತ್ತರ ನೋಡು, 82ನೇ ಕೀರ್ತನೆಯನ್ನು ನೆನಪಿಸಿ ಅಲ್ಲಿ ಮನುಷ್ಯರನ್ನೇ ದೇವರುಗಳು ಎಂದು ಕರೆದಿದೆ ಅನ್ನಲಿಲ್ಲವೇ, ಎಂದು ಕೇಳುತ್ತಾನೆ. ನೋಡಿ, ಒಂದೇ ವಚನದಿಂದ ಎರಡು ಪುಟ ಹುಟ್ಟಿತು. ಯಾರೂ ಸೋತಿಲ್ಲ. ಓದುವವನು ಪುಟ ತಿರುಗಿಸುತ್ತಾನೆ.

ಇನ್ನೊಂದು ದೊಡ್ಡ ತೊಂದರೆ. ನಿಮ್ಮ ವಿರೋಧಿ ಯಾರು? ತ್ರಿಯೇಕವನ್ನು ಒಪ್ಪದವರೆಲ್ಲರನ್ನೂ ‘ಏರಿಯಸ್‌ನ ಮಕ್ಕಳು’ ಎಂದು ಒಂದೇ ಗಂಟು ಕಟ್ಟಿದ್ದೀರಿ. ಏರಿಯಸ್ ಅಲೆಕ್ಸಾಂಡ್ರಿಯದ ಪಾದ್ರಿ. ಮಗನೂ ದೇವರಿಂದ ಉಂಟಾದವನು, ಅವನಿಲ್ಲದ ಹೊತ್ತೊಂದಿತ್ತು, ಎಂದವನು. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರಿಗೆ ಈ ಮಾತು ಹತ್ತಿರ. ಆದರೆ ‘ವನ್‌ನೆಸ್’ ಪೆಂತೆಕೋಸ್ತರು ಇದಕ್ಕೆ ಪೂರ್ತಿ ಉಲ್ಟಾ. ಯೇಸು ಸಂಪೂರ್ಣ ದೇವರೇ, ತಂದೆಯೂ ಅವನೇ, ಬೇರೆ ಬೇರೆ ಮೂವರಿಲ್ಲ ಅನ್ನುತ್ತಾರೆ. ಯೇಸು ದೇವರು ಎಂದು ಸಾಧಿಸಲು ನೀವು ಪೋಣಿಸಿದ ಎಂಟು ವಚನಗಳನ್ನು ಅವರ ಮುಂದೆ ಓದಿ. ಎಂಟಕ್ಕೂ ‘ಆಮೆನ್’ ಅನ್ನುತ್ತಾರೆ, ಆಮೇಲೆ ನಿಮ್ಮನ್ನೇ ತಿದ್ದುತ್ತಾರೆ. ಯಹೂದಿಯ ಮಾತು ದೇವರು ಒಬ್ಬನೇ ಎನ್ನುವ ಧರ್ಮೋಪದೇಶಕಾಂಡ 6:4ರಿಂದ ಶುರುವಾಗುತ್ತದೆ, ಹೊಸ ಒಡಂಬಡಿಕೆ ಅವನಿಗೆ ಪ್ರಮಾಣವೇ ಅಲ್ಲ. ಮುಸ್ಲಿಮನ ದಾರಿ ಬೇರೆ. ಕುರಾನಿನ 4:171 ‘ಮೂರು ಎನ್ನಬೇಡಿ’ ಎಂದು ನೇರವಾಗಿ ಹೇಳುತ್ತದೆ. ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಎಲ್ಲರೊಡನೆ ಒಟ್ಟಿಗೆ ವಾದ ಮಾಡಹೊರಟರೆ ಗಾಳಿಗೆ ಗುದ್ದಿದ ಹಾಗೆ.

ಇತಿಹಾಸದ ತಪ್ಪುಗಳಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಬಿಷಪ್ಪರು ಸೇರಿದ್ದ 325ರ ನೈಸಿಯ ಸಭೆ ‘ತ್ರಿಯೇಕ ಸಿದ್ಧಾಂತವನ್ನು ಪೂರ್ಣಗೊಳಿಸಿತು’ ಎಂದಿದ್ದೀರಿ. ಇಲ್ಲ. ಆ ಸಭೆಯ ಚರ್ಚೆ ಹೆಚ್ಚಾಗಿ ಮಗನ ಬಗ್ಗೆ. ಅಲ್ಲಿ ಬರೆದ ವಿಶ್ವಾಸಪ್ರಮಾಣದಲ್ಲಿ ಪವಿತ್ರಾತ್ಮನಿಗೆ ಸಿಕ್ಕಿದ್ದು ‘ಪವಿತ್ರಾತ್ಮನನ್ನೂ ನಂಬುತ್ತೇವೆ’ ಎಂಬಷ್ಟೇ. ಉಳಿದ ಮಾತು ಸೇರಿದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ. ಚುರುಕಾದ ವಿರೋಧಿ ಈ ಐವತ್ತಾರು ವರ್ಷಗಳನ್ನೇ ಹಿಡಿದು ಜಗ್ಗುತ್ತಾನೆ. ನೀವು ಅವನ ಬಾಯಿಗೆ ‘ಇದೆಲ್ಲ ಚಕ್ರವರ್ತಿ ಕಾನ್‌ಸ್ಟಾಂಟೈನ್ ಹುಟ್ಟಿಸಿದ್ದು’ ಎಂಬ ಸಡಿಲ ಮಾತು ಕೊಟ್ಟಿದ್ದೀರಿ. ಅದನ್ನು ಹೊಡೆಯುವುದು ಸುಲಭ, ಯಾಕೆಂದರೆ ಆ ಸಭೆಗೆ ನೂರು ವರ್ಷ ಮೊದಲೇ ಟೆರ್ಟುಲಿಯನ್ ಎಂಬ ಕ್ರೈಸ್ತ ಲೇಖಕ ಲ್ಯಾಟಿನ್ನಿನಲ್ಲಿ ‘ಟ್ರಿನಿಟಾಸ್’, ಅಂದರೆ ತ್ರಿಯೇಕ, ಎಂಬ ಪದ ಬಳಸಿದ್ದ. ಸುಲಭ ಅಂತಲೇ ಆ ಮಾತು ಕೊಟ್ಟಿರಿ ಅಂತ ನನ್ನ ಗುಮಾನಿ.

ಕೊನೆಯ ಬ್ರಹ್ಮಾಸ್ತ್ರ ಅಂತ ನೀವು ಬಿಟ್ಟಿದ್ದು 1 ಯೋಹಾನ 5:7, ಪರಲೋಕದಲ್ಲಿ ಸಾಕ್ಷಿ ಹೇಳುವವರು ತಂದೆ, ವಾಕ್ಯ (ಅಂದರೆ ಮಗ), ಪವಿತ್ರಾತ್ಮ ಎಂಬ ಮಾತು. ಅದು 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿದೆ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯ 1516 ಮತ್ತು 1519ರ ತನ್ನ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, ಗಲಾಟೆಯಾದ ಮೇಲೆ 1522ರಲ್ಲಿ ಸೇರಿಸಿದ. ತ್ರಿಯೇಕವನ್ನು ಒಪ್ಪುವ ವಿದ್ವಾಂಸರೇ ಇವತ್ತು ಈ ಸಾಲನ್ನು ಆಧಾರ ಮಾಡಿಕೊಳ್ಳುವುದಿಲ್ಲ. ಇದನ್ನು ತೆಗೆದುಹಾಕಿ.

ನೀರು, ಮಂಜುಗಡ್ಡೆ, ಆವಿಯ ಹೋಲಿಕೆಯನ್ನೂ ತೆಗೆಯಿರಿ. ಒಂದೇ ನೀರು ಒಮ್ಮೆ ಹೀಗೆ, ಒಮ್ಮೆ ಹಾಗೆ ಎಂಬುದು, ಒಬ್ಬನೇ ದೇವರು ಮೂರು ರೂಪದಲ್ಲಿ ಕಾಣುತ್ತಾನೆ ಎಂದ ಸಬೆಲ್ಲಿಯಸ್‌ನ ವಾದ. ಅದನ್ನು ಕ್ರೈಸ್ತ ಸಭೆ ಮೂರನೇ ಶತಮಾನದಲ್ಲೇ ತಳ್ಳಿಹಾಕಿತ್ತು. ಮೂರನೇ ಪುಟದಲ್ಲಿ ನೀವೇ ಯೇಸುವಿನ ದೀಕ್ಷಾಸ್ನಾನ ವರ್ಣಿಸಿದ್ದೀರಿ: ಮಗ ನೀರಿನಲ್ಲಿ, ಆತ್ಮ ಪಾರಿವಾಳದ ಹಾಗೆ, ತಂದೆಯ ದನಿ ಆಕಾಶದಿಂದ. ಒಂದೇ ಗಳಿಗೆಯಲ್ಲಿ ಮೂವರು. ಐದನೇ ಪುಟದ ಮಂಜುಗಡ್ಡೆ ಮೂರನೇ ಪುಟಕ್ಕೇ ಕರಗಿಹೋಯಿತು.

‘ವ್ಯಕ್ತಿ’ ಪದದ ಬಗ್ಗೆ ಹೇಳಲೇಬೇಕು. ‘ಮೂರು ವ್ಯಕ್ತಿಗಳು, ಒಂದೇ ಸತ್ವ’ ಎಂದು ಇಪ್ಪತ್ತು ಸಲ ಬರೆದಿದ್ದೀರಿ, ಒಂದು ಸಲವೂ ಬಿಡಿಸಿ ಹೇಳಿಲ್ಲ. ಕನ್ನಡದ ಕಿವಿಗೆ ವ್ಯಕ್ತಿ ಅಂದರೆ ಆಸಾಮಿ. ಮೂರು ವ್ಯಕ್ತಿ ಅಂದಕೂಡಲೇ ಮೂರು ಕುರ್ಚಿ ಕಾಣುತ್ತದೆ. ಈ ‘ವ್ಯಕ್ತಿ’ಗೆ ಗ್ರೀಕರು ಬಳಸಿದ ‘ಹೈಪೊಸ್ಟಾಸಿಸ್’ಗೂ ಲ್ಯಾಟಿನ್ನಿನ ‘ಪರ್ಸೋನ’ಕ್ಕೂ ಆಗಲೇ ಜಗಳವಿತ್ತು. ಬಿಷಪ್ ಅಗಸ್ಟೀನನಂಥ ದೊಡ್ಡ ಚಿಂತಕನೇ, ‘ಮೂವರು ವ್ಯಕ್ತಿಗಳು’ ಎನ್ನುವುದು ಹೇಳಬೇಕಾದ್ದನ್ನು ಹೇಳಿದಂತಾಗಲಿ ಎಂದಲ್ಲ, ಸುಮ್ಮನಿರಬಾರದಲ್ಲ ಎಂದಷ್ಟೇ, ಎಂಬ ಅರ್ಥದಲ್ಲಿ ಬರೆದ. ಈ ತಡವರಿಕೆ ನಿಮ್ಮ ವಿಶ್ವಾಸಿಗೂ ಒಂದಿಷ್ಟು ಇರಲಿ. ಅವನು ಜಾಸ್ತಿ ಮನುಷ್ಯನಾಗುತ್ತಾನೆ.

ಮಾತಿನ ಧಾಟಿಯೂ ಪಾಠದ ಪುಸ್ತಕದ್ದಾಗಿದೆ. ನಾಲ್ಕನೇ ಶತಮಾನದ ಕೊನೆಯಲ್ಲಿ ನಿಸ್ಸದ ಬಿಷಪ್ ಗ್ರೆಗರಿ ಕಾನ್‌ಸ್ಟಾಂಟಿನೋಪಲಿನ ಜನರ ಬಗ್ಗೆ ಗೊಣಗಿದ್ದು ನೆನಪಾಯಿತು. ಅಲ್ಲಿ ರೊಟ್ಟಿಯ ಬೆಲೆ ಕೇಳಿದರೆ ‘ತಂದೆ ದೊಡ್ಡವನು, ಮಗ ಕೆಳಗಿನವನು’ ಅನ್ನುತ್ತಾರಂತೆ. ಸ್ನಾನಕ್ಕೆ ಅಣಿಯಾಯಿತಾ ಎಂದರೆ ‘ಮಗ ಶೂನ್ಯದಿಂದ ಬಂದವನು’ ಎಂಬ ಉತ್ತರವಂತೆ. ಅಂಥ ಬೀದಿಮಾತಿನ ಬಿಸಿ ನಿಮ್ಮಲ್ಲೂ ಬರಬೇಕು.

ಒಂದು ಸಾಲನ್ನು ಮಾತ್ರ ಪೆನ್ಸಿಲ್ಲಿನಿಂದಲ್ಲ, ಶಾಯಿಯಿಂದಲೇ ಹೊಡೆದಿದ್ದೇನೆ. ‘ಸರ್ವೀಟಸ್‌ಗೆ ತಕ್ಕ ಶಾಸ್ತಿಯಾಯಿತು.’ ಮೈಕೆಲ್ ಸರ್ವೀಟಸ್ ವೈದ್ಯ. ರಕ್ತ ಶ್ವಾಸಕೋಶದ ಮೂಲಕ ಹಾದುಬರುತ್ತದೆ ಎಂದು ಯುರೋಪಿನಲ್ಲಿ ಮೊದಲು ಬರೆದವರಲ್ಲಿ ಒಬ್ಬ. ತ್ರಿಯೇಕವನ್ನು ಅಲ್ಲಗಳೆದ ಎಂದು 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಅವನನ್ನು ಜೀವಂತ ಸುಟ್ಟರು. ಬೆಂಕಿಯಲ್ಲಿ ಅವನು ‘ಶಾಶ್ವತ ದೇವರ ಮಗನಾದ ಯೇಸುವೇ, ಕರುಣಿಸು’ ಎಂದು ಕೂಗಿದನಂತೆ. ‘ದೇವರ ಶಾಶ್ವತ ಮಗನೇ’ ಎಂದು ಮಗನನ್ನೂ ಶಾಶ್ವತ ಎಂದಿದ್ದರೆ ಸುಡುವವರಿಗೆ ಸಾಕಿತ್ತು. ಆಗಲೂ ಅವನು ‘ಶಾಶ್ವತ’ ಎಂಬ ಪದದ ಜಾಗ ಬದಲಿಸಲಿಲ್ಲ. ನಿಮ್ಮ ವಿರೋಧಿ ಇವನ ಪೈಕಿಯವನು, ಸ್ವಾಮಿ. ಅವನು ಹನ್ನೊಂದನೇ ಪುಟಕ್ಕೆ ಅಳುತ್ತಾನೆ ಎಂದರೆ ನಾನು ಹೇಗೆ ನಂಬಲಿ?

ಉಳಿಸಿಕೊಳ್ಳಬೇಕಾದ್ದು ಒಂಬತ್ತನೇ ಪುಟ. ಅಲ್ಲಿ ವಿರೋಧಿ, ‘ಗೆತ್ಸೇಮನೆ ತೋಟದಲ್ಲಿ ಯೇಸು ಬೆವರುತ್ತಾ ಬೇಡಿಕೊಂಡಿದ್ದು ಯಾರನ್ನು?’ ಎಂದು ಕೇಳುತ್ತಾನೆ. ವಿಶ್ವಾಸಿ ಕೂಡಲೇ ಉತ್ತರ ಕೊಡದೆ ಬೈಬಲ್ ಮುಚ್ಚಿ ಕಿಟಕಿಯ ಕಡೆ ನೋಡುತ್ತಾನೆ. ಹದಿನಾಲ್ಕು ಪುಟದಲ್ಲಿ ಇಬ್ಬರೂ ನಿಜವಾಗಿ ಎದುರುಬದುರು ಕೂತಿದ್ದು ಅಲ್ಲೊಂದೇ ಕಡೆ. ಮುಂದಿನ ಪ್ರತಿಯನ್ನು ಆ ಪ್ರಶ್ನೆಯಿಂದಲೇ ಶುರುಮಾಡಿ. ಎಂಟು ಪುಟ ಸಾಕು. ಕಳಿಸುವ ಮೊದಲು ತ್ರಿಯೇಕವನ್ನು ಒಪ್ಪದ ಒಬ್ಬರಿಗೆ ಓದಲು ಕೊಡಿ. ಅವರು ಅಂಚಿನಲ್ಲಿ ಏನು ಗೀಚಿದರೂ ಅಳಿಸಬೇಡಿ, ಆ ಪ್ರತಿಯನ್ನೇ ನನಗೆ ಕಳಿಸಿ.

ಇಂತಿ,
ಸಂಪಾದಕ