ಡ್ರಮ್ ಖಾಲಿ ಮಾಡಿದರೂ ಸೊಳ್ಳೆ ಮರಿ ಎಲ್ಲಿಂದ ಬರುತ್ತವೆ?

ಪ್ರಶ್ನೆ: ನಮ್ಮದು ಬಸವೇಶ್ವರನಗರದಲ್ಲಿ 30×40 ಸೈಟಿನ ಮನೆ. ಮುಂದೆ ಒಂದಿಷ್ಟು ಹೂಕುಂಡ, ಪಕ್ಕದಲ್ಲಿ ಎರಡು ನೀರಿನ ಡ್ರಮ್. ಬೇಸಿಗೆಯಲ್ಲಿ ನಲ್ಲಿ ನೀರನ್ನು ನಂಬುವ ಹಾಗಿಲ್ಲ, ಹಿಡಿದಿಡಲೇಬೇಕು. ಕಳೆದ ವರ್ಷ ಅತ್ತೆಗೆ ಡೆಂಗಿ ಆಗಿತ್ತು. ಈ ಸಲ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡುತ್ತೇವೆ. ಸಂಜೆ ಆರಕ್ಕೆ ಕಿಟಕಿ ಮುಚ್ಚಿ ಕಾಯಿಲ್ ಹಚ್ಚುತ್ತೇವೆ. ಆದರೂ ನೀರಿನಲ್ಲಿ ಹುಳ ಕುಣಿಯುತ್ತಿವೆ. ನಾಲ್ಕು ವರ್ಷದ ಮಗಳಿದ್ದಾಳೆ, ಭಯ ಆಗುತ್ತದೆ. ಅತ್ತೆಗೆ ಒಮ್ಮೆ ಬಂದಿದ್ದರಿಂದ ಮತ್ತೆ ಬರಲ್ಲ ಅಲ್ವಾ?

ಉತ್ತರ: ಖಾಲಿ ಮಾಡುವುದು ಸರಿಯೇ. ಆದರೆ ಖಾಲಿ ಮಾಡಿ ಹಾಗೇ ತುಂಬಿಸುತ್ತಿದ್ದೀರಿ ಅನಿಸುತ್ತದೆ. ಡೆಂಗಿ, ಚಿಕುನ್‌ಗುನ್ಯಾ ಎರಡನ್ನೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ಮಸಿ ಸಿಡಿದ ಹಾಗೆ ಕಪ್ಪು ಚುಕ್ಕಿ, ಅಷ್ಟೇ. ನೀಲಿ ಡ್ರಮ್ಮಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ನೀರು ಚೆಲ್ಲಿದರೆ ಮರಿಗಳು ಹೋಗುತ್ತವೆ, ಮೊಟ್ಟೆ ಅಲ್ಲೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಕೂತಿರುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ಬೇಸಿಗೆಯೆಲ್ಲ ಒಣಗಿ ಬಿದ್ದಿದ್ದ ಡಬ್ಬ, ಟೈರುಗಳಲ್ಲಿ ಭರಣಿ ಮಳೆ ಬಿದ್ದ ವಾರದೊಳಗೆ ಸೊಳ್ಳೆ ಏಳುವುದು ಹೀಗೇ.

ಹಾಗಾಗಿ ಉಜ್ಜಬೇಕು. ತೆಂಗಿನ ನಾರು, ಸ್ವಲ್ಪ ಸೋಪಿನ ಪುಡಿ ತೆಗೆದುಕೊಂಡು ಅಂಚಿನಿಂದ ತಳದವರೆಗೆ ಗಸಗಸ ಉಜ್ಜಿ. ತೊಳೆದ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು, ಅದಕ್ಕೇ ವಾರದ ಲೆಕ್ಕ. ತುಂಬಿಸಿದ ಮೇಲೆ ಹಳೆ ಪಂಚೆಯ ಬಟ್ಟೆ ಹಾಕಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿ. ಬರೀ ಮುಚ್ಚಳ ಇಟ್ಟರೆ ಸಂದಿ ಉಳಿಯುತ್ತದೆ. ತಗ್ಗಿದ ಮುಚ್ಚಳವಾದರೆ ಅದರ ಮೇಲೇ ನೀರು ನಿಂತು ಇನ್ನೊಂದು ತೊಟ್ಟಿಲಾಗುತ್ತದೆ. ನೆಲದಡಿಯ ನೀರಿನ ತೊಟ್ಟಿ (ಸಂಪ್) ಇದ್ದರೆ ಅದರೊಳಗೂ ಟಾರ್ಚ್ ಬಿಟ್ಟು ನೋಡಿ. ತಲೆಕೆಳಗಾಗಿ ನೇತಾಡುತ್ತಿರುವ ಮರಿಗಳು ನೆರಳು ಬಿದ್ದ ಕೂಡಲೇ ಸರ್ರನೆ ಕೆಳಗೆ ಹೋಗುತ್ತವೆ.

ಈ ಸೊಳ್ಳೆ ದೂರ ಹಾರುವುದಿಲ್ಲ, ಒಂದೆರಡು ನೂರು ಮೀಟರ್ ಅಷ್ಟೇ. ಅಂದರೆ ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಇರಬೇಕು. ಹೂಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಎಳನೀರು ಬುರುಡೆ, ಕರಟ, ಎಲ್ಲ ನೋಡಿ. ಹಕ್ಕಿಗೆ ನೀರಿಡುವುದನ್ನು ಮಾತ್ರ ನಿಲ್ಲಿಸಬೇಡಿ, ದಿನಾ ಬಟ್ಟಲು ಉಜ್ಜಿ ಹೊಸ ನೀರು ಹಾಕಿದರೆ ಸಾಕು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮನೆಯಲ್ಲೇ ಒಮ್ಮೆ ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಮರಿ ಸಿಕ್ಕಿದ್ದವು. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಕಾಂಕ್ರೀಟ್ ಗಟ್ಟಿಯಾಗಲೆಂದು ಹಾಕುವ ಕ್ಯೂರಿಂಗ್ ನೀರು ಎಲ್ಲಿ ನಿಂತಿದೆ ಎಂದು ಮೇಸ್ತ್ರಿಯನ್ನು ಕೇಳಿ. 2024ರಲ್ಲಿ ಸರ್ಕಾರ ತಂದ ನಿಯಮದ ಪ್ರಕಾರ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕೆಲಸದ ಜಾಗಕ್ಕೆ 2,000 ರೂಪಾಯಿ ದಂಡ. ಈ ಮಾತು ಕೇಳಿದರೆ ಬಾಯಿಮಾತಿಗೆ ಬಗ್ಗದವರೂ ಸ್ವಲ್ಪ ಬಗ್ಗುತ್ತಾರೆ. ಫಾಗಿಂಗ್ ಹೊಗೆಯನ್ನು ಜಾಸ್ತಿ ನಂಬಬೇಡಿ. ಅದು ಹಾರುವ ಸೊಳ್ಳೆಗೆ ಮಾತ್ರ, ಡ್ರಮ್ಮಿನ ಮೊಟ್ಟೆಗೆ ಏನೂ ಆಗುವುದಿಲ್ಲ.

ಇನ್ನು ಸಂಜೆ ಆರರ ಕಿಟಕಿ. ಆ ಹೊತ್ತಿಗೆ ಗುಂಯ್‌ಗುಡುತ್ತಾ ಬರುವುದು ಬಹುತೇಕ ಚರಂಡಿ ಸೊಳ್ಳೆ. ಈಡಿಸ್ ಹಗಲಿನದು. ಬೆಳಿಗ್ಗೆ ಬಿಸಿಲೇರುವ ಮುಂಚೆ, ಮತ್ತೆ ಹೊತ್ತು ಮುಳುಗುವ ಮುಂಚೆ ಅದರ ಕಾಟ ಜಾಸ್ತಿ. ಮಗಳು ಆಡಲು ಹೋಗುವುದೂ ಆಗಲೇ ಅಲ್ವಾ? ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟ್ ಹಾಕಿ. ಸೊಳ್ಳೆ ಕ್ರೀಮನ್ನು ನೀವೇ ಹಚ್ಚಿ, ಅವಳ ಅಂಗೈಗೆ ಬೇಡ, ಕೈ ಬಾಯಿಗೆ ಹೋಗುತ್ತದೆ. ಮಧ್ಯಾಹ್ನದ ನಿದ್ದೆಗೂ ಸೊಳ್ಳೆಪರದೆ ಕಟ್ಟಿ. ಕಿಟಕಿಗೆ ಜಾಲರಿ ಹಾಕಿಸಿದರೆ ಸೆಖೆಯಲ್ಲಿ ಮುಚ್ಚಿಕೊಂಡು ಕೂರುವ ಕಷ್ಟವೂ ತಪ್ಪುತ್ತದೆ.

ಅತ್ತೆಯವರಿಗೆ ಮತ್ತೆ ಬರಬಹುದು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಉಳಿದ ಮೂರರಿಂದ ಶಾಶ್ವತ ರಕ್ಷಣೆ ಸಿಗುವುದಿಲ್ಲ. ಎರಡನೇ ಸಲ ಬೇರೆ ಬಗೆ ಬಂದರೆ ಕಾಯಿಲೆ ಜೋರಾಗುವ ಸಾಧ್ಯತೆಯೂ ಹೆಚ್ಚು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಮೊದಲ ಐದು ದಿನದೊಳಗೆ ಎನ್‌ಎಸ್1 ಪರೀಕ್ಷೆ (ಡೆಂಗಿ ಇದೆಯೇ ಎಂದು ನೋಡುವ ರಕ್ತಪರೀಕ್ಷೆ) ಮಾಡಿಸಿ. ಪಪ್ಪಾಯಿ ಎಲೆ ರಸ ಕುಡಿಸಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರನ್ನು ನೋಡಿದ್ದೇನೆ, ಆ ತಪ್ಪು ಮಾಡಬೇಡಿ. ಜ್ವರ ಇಳಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಮುಂದಿನ ಒಂದೆರಡು ದಿನವೇ ಅಪಾಯದ್ದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಎಬ್ಬಿಸಿದರೂ ಮಂಕಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.